ಟೈಲರಮ್ಮ ಹೊಲಿದ ಕಂಪ್ಯೂಟರ್

ನಮ್ಮನೆ ಟೈಲರಮ್ಮ ಹಠ ಹಿಡಿದಳು ಅಂದ್ರೆ ಮುಗೀತು. ಆಮೇಲೆ ನೀವು ತಲೆ ಕೆಳಗೆ ಮಾಡಿ ನಿಂತರೂ ಅಷ್ಟೆ. ಬೀದಿಯವರೆಲ್ಲ ಅವಳನ್ನ ಟೈಲರಮ್ಮ ಅಂತಾನೇ ಕರೆಯೋದು. ಕಟ್ಟಿಕೊಂಡ ಗಂಡ ನಾನೂ ಹಾಗೇ ಕರೀತೀನಿ, ಕೋಪ ಬಂದಾಗ ಮಾತ್ರ ಸ್ವಲ್ಪ ಎಳೆದು. ನಾನು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಈಗ ನಿವೃತ್ತ. ದಿನಕ್ಕೆ ಸಾವಿರ ಜನರ ಜೊತೆ ಜಗಳ ಆಡಿ ಗೆದ್ದಿದ್ದೀನಿ. ಮನೆಗೆ ಬಂದು ಒಂದೇ ಒಂದು ಜಗಳ ಗೆದ್ದ ನೆನಪಿಲ್ಲ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿ ಪಕ್ಕ ಹೊಲಿಗೆ ಮಿಷನ್ನು, ಅದರ ಬಲಕ್ಕೆ ಬಟ್ಟೆ ಕತ್ತರಿಸುವ ಅಗಲದ ಮೇಜು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಕಾಗದದ ನಮೂನೆಗಳು. ಕೋಟು ಹೊಲಿಯೋದರಲ್ಲಿ ಅವಳದು ಎತ್ತಿದ ಕೈ. ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಹೆಗಲು ಹಿಡೀತು, ಕಂಕುಳು ಬಿಗೀತು ಅಂತ ತಿರುಗಿ ಬಂದಿರಲಿಲ್ಲ.

ಹೋದ ವರ್ಷ ಬಂತು ನೋಡಿ ಗ್ರಹಚಾರ. ಹತ್ತಿರದ ಶಾಲೆಯವರು ಮಕ್ಕಳಿಗೆ ನಲವತ್ತು ಕೋಟು ಬೇಕು ಅಂದರು. ಒಂದೊಂದೇ ಮಗುವನ್ನ ನಿಲ್ಲಿಸಿ ಅಳೆಯೋಕೆ ಪುರುಸೊತ್ತಿಲ್ಲ ಅಂತ ಅಚ್ಚು ಹಾಕಿದ ಅಳತೆಪಟ್ಟಿ ಕಳಿಸಿಕೊಟ್ಟರು. ಪಟ್ಟಿ ನೋಡಿ ಹೊಲಿದು ಕೊಟ್ಟಳು. ನಲವತ್ತಕ್ಕೆ ನಲವತ್ತೂ ದೊಗಳೆ! ತೋಳು ಇಳಿದು ಅಂಗೈ ಮುಟ್ಟುತ್ತಿತ್ತು. ಗಂಟು ಕಟ್ಟಿ ವಾಪಸ್ ಕಳಿಸಿದರು. ಅವಳು ಮಕ್ಕಳಿಗೆ ತೊಡಿಸಿ ನೋಡಿ, ಎಲ್ಲವನ್ನೂ ಬಿಚ್ಚಿ, ಚಿಕ್ಕದು ಮಾಡಿ ಕೊಟ್ಟಳು. ಕೊಟ್ಟ ಮಾರನೇ ದಿನ ಬಾಗಿಲ ಮೇಲಿನ ಬೋರ್ಡು ಇಳಿಸಿಬಿಟ್ಟಳು.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರೋದು ನನ್ನ ಜಾತಕದಲ್ಲೇ ಇಲ್ಲ. ಕೋಟಿನ ಗಂಟು ವಾಪಸ್ ಬಂದ ದಿನವೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿ ಮುಂದೆ ನಿಂತು, "ಮೇಡಂ, ಬೇಜಾರು ಮಾಡ್ಕೋಬೇಡಿ, ಅವಳಿಗೆ ವಯಸ್ಸಾಯ್ತು, ಕೈ ನಡುಗುತ್ತೆ" ಅಂದೆ. ಅವರು ಪಾಪ ಅಂದರು. ದೊಡ್ಡ ರಾಜಿ ಮಾಡಿಸಿದವನ ಹಾಗೆ ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಆಮೇಲೆ ಯಾರು ಬೋರ್ಡು ಯಾಕೆ ಇಳಿಸಿದ್ರಿ ಅಂತ ಕೇಳಿದರೂ ಇದೇ ಉತ್ತರ: ಕೈ ನಡುಗೋಕೆ ಶುರುವಾಯ್ತು, ಕೋಟು ಕೆಟ್ಟಿತು, ಅಂಗಡಿ ಮುಚ್ಚಿದಳು. ನಡುಗುತ್ತಿದ್ದುದೂ ಸುಳ್ಳಲ್ಲ. ಸೂಜಿಗೆ ದಾರ ಪೋಣಿಸುವಾಗ ಬೆರಳು ಅದುರೋದನ್ನ ನನ್ನ ಕಣ್ಣಾರೆ ಕಂಡಿದ್ದೆ.

ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗಬೇಕಲ್ಲ. ಸಂಜೆಯೆಲ್ಲ ಟಿವಿ. ಅವಳಿಗೋ ಹಾಡು ಬೇಕು, ಹಳೇ ಸಿನಿಮಾ ಬೇಕು. ಟಿವಿಯವರು ಹಾಕೋದು ಜಗಳ ಮತ್ತು ಜಾಹೀರಾತು. "ಅವರು ಬಡಿಸಿದ್ದನ್ನ ನಾವು ತಿನ್ನಬೇಕಾ?" ಅಂತ ಗೊಣಗುತ್ತಿದ್ದಳು. ಇದನ್ನ ಫೋನಿನಲ್ಲಿ ಕೇಳಿದ ಮಗಳು, "ಅಮ್ಮಾ, ಒಂದು ಕಂಪ್ಯೂಟರ್ ಕಳಿಸ್ತೀನಿ. ಟಿವಿಗೇ ಜೋಡಿಸ್ಕೊಂಡು ಬೇಕಾದ್ದು ನೋಡು, ಬೇಕಾದ್ದು ಕೇಳು" ಅಂದಳು.

"ರೆಡಿಮೇಡಾ?" ಅಂದಳು ಇವಳು.

"ಮತ್ತೆ? ಬಿಡಿಭಾಗ ತಂದು ಮನೇಲೇ ಜೋಡಿಸ್ಕೊಳ್ಳೋರೂ ಇದ್ದಾರೆ. ಆದ್ರೆ ನಿನ್ನ ಕೈಲಿ ಅದೆಲ್ಲ..."

ಮಗಳು ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು. ತಡವಾಗಿತ್ತು. ಟೈಲರಮ್ಮ ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ರೆಡಿಮೇಡ್ ಅಂಗಡಿಯವರು ಮೂವತ್ತು ವರ್ಷ ನನ್ನ ಹೊಟ್ಟೆ ಮೇಲೆ ಹೊಡೆದಿದ್ದಾರೆ. ಈಗ ನಾನೇ ಹೋಗಿ ರೆಡಿಮೇಡ್ ತಗೊಳ್ಳಲಾ? ನಾನೇ ಜೋಡಿಸ್ತೀನಿ ರೀ."

"ಲೇ, ಅದೇನು ಗುಂಡಿ ಹಾಕಿದಷ್ಟು ಸುಲಭ ಅಂದ್ಕೊಂಡ್ಯಾ? ಅಷ್ಟು ಸಣ್ಣ ಸಣ್ಣ ಸಾಮಾನು, ನಿನ್ನ ಕೈಯಿ..."

"ಹೂಂ, ಹೇಳಿ. ನನ್ನ ಕೈ?"

ಅಷ್ಟರಲ್ಲಾಗಲೇ ನಾನು ಇನ್ನೊಂದು ಘನಕಾರ್ಯ ಮಾಡಿದ್ದೆ. ಧೂಳು ತಿನ್ನುತ್ತಾ ಕೂತ ಆ ಮಿಷನ್ನು ಕೊಳ್ಳೋಕೆ ಚೀಲ ಹೊಲಿಯೋ ಅಂಗಡಿಯವನೊಬ್ಬನನ್ನ ಗೊತ್ತು ಮಾಡಿದ್ದೆ. ತಿಂಗಳ ಕೊನೆಗೆ ಬಂದು ಒಯ್ಯುತ್ತೀನಿ ಅಂದಿದ್ದ. ಅವಳು ಆ ಮಾತನ್ನೇ ಎತ್ತಿಕೊಂಡಳು.

"ಈ ಕಂಪ್ಯೂಟರ್ ಡಬ್ಬ ನನ್ನ ಕೈಯಿಂದ ಎದ್ದು ಕೂತರೆ ಮಿಷನ್ ಮಾರಲ್ಲ, ಬೋರ್ಡು ಮತ್ತೆ ಏರುತ್ತೆ. ಏಳಲಿಲ್ಲ ಅನ್ನಿ, ನೀವೇ ಹೊತ್ಕೊಂಡು ಹೋಗಿ ಕೊಟ್ಟು ಬನ್ನಿ. ನಾನು ತಿರುಗಿಯೂ ನೋಡಲ್ಲ."

"ಪೂರ್ತಿ ಜೋಡಿಸಿ, ಮುಚ್ಚಳ ಹಾಕಿ, ಹಾಡು ಹಾಡಬೇಕು. ಆಗ ನೀನು ಗೆದ್ದ ಹಾಗೆ" ಅಂದೆ.

"ಆಯ್ತು" ಅಂದಳು.

ಅಲ್ಲಿಂದ ಮೂರು ವಾರ ನನ್ನ ಪಾಡು ಯಾರಿಗೂ ಬೇಡ. ಬೆಳಗ್ಗೆ ಎದ್ದರೆ ಫೋನಿನಲ್ಲಿ ಯಾರೋ ಕಂಪ್ಯೂಟರ್ ಜೋಡಿಸುತ್ತಿರುತ್ತಾನೆ, ಊಟಕ್ಕೆ ಕೂತರೆ ಇನ್ನೊಬ್ಬ ಬಿಚ್ಚುತ್ತಿರುತ್ತಾನೆ. ಗಿರಾಕಿಗಳ ಅಳತೆ ಬರೆಯುತ್ತಿದ್ದ ಉದ್ದನೆಯ ಪುಸ್ತಕ ತೆಗೆದು, ಒಂದೊಂದು ಭಾಗಕ್ಕೆ ಒಂದೊಂದು ಪುಟ ಮಾಡಿದಳು. ಇಣುಕಿ ನೋಡಿದರೆ ಮೇಲ್ಗಡೆ "ಗಿರಾಕಿ: ಪ್ರೊಸೆಸರ್" ಅಂತ ಬರೆದಿದ್ದಾಳೆ! ಕೆಳಗೆ ಏನು ಕೆಲಸಕ್ಕೆ, ಎಷ್ಟು ಜಾಗಕ್ಕೆ, ಯಾರ ಜೊತೆ ಹೊಂದುತ್ತೆ, ಯಾರ ಜೊತೆ ಹೊಂದಲ್ಲ ಅಂತೆಲ್ಲ. ನಮ್ಮ ಮಗಳಿಗೆ ಗಂಡು ಹುಡುಕುವಾಗಲೂ ಇಷ್ಟು ವಿಚಾರಿಸಿರಲಿಲ್ಲ.

ಎಲ್ಲಕ್ಕಿಂತ ಮೊದಲು ಕ್ಯಾಬಿನೆಟ್, ಅಂದರೆ ಹೊರಗಿನ ಪೆಟ್ಟಿಗೆ, ಅದನ್ನೇ ಕೊಂಡಳು. ಟಿವಿ ಪಕ್ಕದ ಗೂಡಿನಲ್ಲಿ ಕೂರುವಂಥ ಚಿಕ್ಕದು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದಳಂತೆ" ಅಂದೆ.

"ಕುಲಾವಿ ಹೊಲಿಯೋದೇ ನನ್ನ ಕಸುಬು, ನಿಮಗೇನು ಹೊಟ್ಟೆಯುರಿ?" ಅಂದಳು.

ಮಿಕ್ಕಿದ್ದು ತರೋಕೆ ಬಿಡಿಭಾಗದ ಅಂಗಡಿಗೆ ಇಬ್ಬರೂ ಹೋದೆವು. ಇಕ್ಕಟ್ಟು ಮೆಟ್ಟಿಲು ಹತ್ತಿ ಮೊದಲ ಮಹಡಿ. ಗೋಡೆ ತುಂಬ ರಟ್ಟಿನ ಡಬ್ಬಗಳು, ಮಧ್ಯೆ ದಪ್ಪ ಕನ್ನಡಕದ, ನಿಧಾನ ಸ್ವಭಾವದ ಅಂಗಡಿಯಾತ. ಅವನು ನನ್ನ ಮುಖ ನೋಡಿ, "ಹೇಳಿ ಸಾರ್, ಏನು ಬೇಕಾಗಿತ್ತು?" ಅಂದ.

"ನಾನು ಚೀಲ ಹಿಡ್ಕೊಳ್ಳೋಕೆ ಬಂದವನು. ಗಿರಾಕಿ ಅವರು" ಅಂದೆ.

ಅವಳು ಪುಸ್ತಕ ಬಿಚ್ಚಿದಳು. "ಹಾಡು, ಸಿನಿಮಾ, ಆಗೊಂದು ಈಗೊಂದು ಸಣ್ಣ ಆಟ. ಅಷ್ಟೇ ಕೆಲಸ. ಚಿತ್ರ ತೋರಿಸೋ ಶಕ್ತಿ ಒಳಗೇ ಇರೋ ಪ್ರೊಸೆಸರ್ ಕೊಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ರ‍್ಯಾಮ್ ಎಂಟೆಂಟು ಜಿಬಿಯದು ಎರಡು. ಹದಿನಾರರದು ಒಂದೇ ಅಲ್ಲ."

ಅಂಗಡಿಯಾತ ಕನ್ನಡಕ ಮೇಲೆ ಸರಿಸಿದ. "ಎರಡೇ ಯಾಕಮ್ಮ?"

"ಒಳಗಿನ ಗ್ರಾಫಿಕ್ಸ್ ಮೆಮೊರಿಯನ್ನ ಹಂಚ್ಕೊಂಡು ತಿನ್ನುತ್ತಲ್ಲ. ಒಂಟಿ ಎತ್ತಿಗಿಂತ ಜೋಡಿ ಎತ್ತು ವಾಸಿ."

ಅವನು ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ. ಬಿಡಿಭಾಗಗಳನ್ನೆಲ್ಲ ಕೂರಿಸೋ ಮದರ್‌ಬೋರ್ಡು, ಕಂಪ್ಯೂಟರ್ ಬೇಗ ಎದ್ದೇಳೋಕೆ ಒಂದು ಎಸ್‌ಎಸ್‌ಡಿ, ಹಾಡು ಸಿನಿಮಾ ತುಂಬಿಡೋಕೆ ದೊಡ್ಡದೊಂದು ಹಾರ್ಡ್ ಡಿಸ್ಕ್, ಎಲ್ಲಾ ಬಂತು. ಬಣ್ಣದ ದೀಪ ಮಿನುಗೋ ಫ್ಯಾನ್ ತೋರಿಸಿದ. "ಕೋಟಿಗೆ ಮಿಂಚು ಹಚ್ಚೋ ವಯಸ್ಸಾ ನಂದು? ಒಳಗಿಡಿ" ಅಂದಳು. ಕರೆಂಟು ಹಂಚೋ ಪವರ್ ಸಪ್ಲೈ ಅಂತ ಒಂದು ಡಬ್ಬ ಕೊಟ್ಟ. ಕೈಯಲ್ಲಿ ತೂಗಿ ನೋಡಿ ತಿರುಗಿ ಇಟ್ಟಳು.

"ಇದೇನು ಹತ್ತಿ ತುಂಬಿದ ಹಾಗಿದೆ?"

"ಸಾಕಮ್ಮ, ಎಲ್ಲರೂ ಇದನ್ನೇ ಒಯ್ಯೋದು. ಒಳಗಿರೋದು ಯಾರಿಗೆ ಕಾಣುತ್ತೆ?"

"ಕೋಟಿನೊಳಗಿನ ಅಸ್ತರು ಯಾರಿಗೆ ಕಾಣುತ್ತೆ ಅಂತ ಅಗ್ಗದ್ದು ಹಾಕ್ಸಿ, ಮೂರು ತಿಂಗಳಿಗೆ ಕೋಟು ಜೋತು ಬಿತ್ತು ಅಂತ ಅಳ್ತಾ ನನ್ನ ಹತ್ರಾನೇ ಬರ್ತಿದ್ರು. ಒಳಗಿರೋದೇ ಮೊದಲು ಗಟ್ಟಿ ಇರ್ಬೇಕು. ಒಳ್ಳೇದು ತೆಗೀರಿ."

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಹೆಮ್ಮೆ ಆಯ್ತು. ಮುಖ ಮಾತ್ರ ಗಂಟು ಹಾಕಿಕೊಂಡೇ ನಿಂತಿದ್ದೆ.

ತಕರಾರು ಬಂದದ್ದು ಕೂಲರ್ ಹತ್ತಿರ. ಪ್ರೊಸೆಸರ್ ಬಿಸಿಯಾಗದ ಹಾಗೆ ಅದರ ತಲೆ ಮೇಲೆ ಕೂರೋ ಫ್ಯಾನ್ ಅದು. ಪ್ರೊಸೆಸರ್ ಜೊತೆಗೇ ಬರೋ ಚಿಕ್ಕದು ಗುಂಯ್ ಅನ್ನುತ್ತೆ ಅಂತ ಇವಳು ಕೇಳಿಕೊಂಡಿದ್ದಳು. ಮೂವತ್ತು ವರ್ಷ ಮಿಷನ್ ಸದ್ದು ಕೇಳಿದ ಕಿವಿ, ಇನ್ನು ಹಾಡಿನ ಮಧ್ಯೆ ಗುಂಯ್ ಅನ್ನೋದು ಬೇಡ ಅಂತ ಎತ್ತರದ್ದೊಂದನ್ನ ಆರಿಸಿದಳು.

ಅಂಗಡಿಯಾತ ತಲೆ ಅಲ್ಲಾಡಿಸಿದ. "ಇದು ಹೊಂದಲ್ಲಮ್ಮ. ನಿಮ್ಮ ಕ್ಯಾಬಿನೆಟ್‌ನಲ್ಲಿ ನೂರ ಐವತ್ತೈದು ಮಿಲಿಮೀಟರಿಗೆ ಮಾತ್ರ ಜಾಗ. ಇದರ ಡಬ್ಬದ ಮೇಲೆ ನೋಡಿ, ನೂರ ಅರವತ್ತು."

ಅಂಗಡಿ ಮುಚ್ಚಿದರೂ ಅವಳ ಕೊರಳಲ್ಲಿ ಅಳತೆ ಟೇಪು ಇದ್ದೇ ಇರುತ್ತಿತ್ತು. ಸರಕ್ಕನೆ ಎಳೆದು ಕೂಲರಿಗೆ ಹಿಡಿದಳು. "ನೂರ ಐವತ್ತಮೂರು. ನೀವೇ ನೋಡಿ."

ಅವನು ಬಗ್ಗಿ ನೋಡಿದ. ಟೇಪಿನಲ್ಲಿ ಇದ್ದದ್ದೂ ಅಷ್ಟೇ.

"ಆದ್ರೂ ಅಮ್ಮ, ಅಚ್ಚಾಗಿರೋದು..."

"ಅಚ್ಚು ಹಾಕೋರು ನಿದ್ದೆಗಣ್ಣಲ್ಲಿ ಹಾಕಿರ್ತಾರೆ. ನನ್ನ ಟೇಪು ಸುಳ್ಳು ಹೇಳಲ್ಲ. ಕಟ್ಟಿ."

"ಹೊಂದದಿದ್ರೆ ತನ್ನಿ, ಬದಲಾಯಿಸಿ ಕೊಡ್ತೀನಿ. ಡಬ್ಬ ಮಾತ್ರ ಹರೀಬೇಡಿ" ಅಂತ ಕಟ್ಟಿಕೊಟ್ಟ. ಜಗಳ ಆಡಿ ಪ್ರಯೋಜನ ಇಲ್ಲ ಅಂತ ಅವನಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಗಿತ್ತು. ನನಗೆ ಹತ್ತು ವರ್ಷ ಹಿಡಿದಿತ್ತು.

ಭಾನುವಾರ ಬೆಳಗ್ಗೆ ಬಿಸಿಲು ಚೆನ್ನಾಗಿ ಬಿದ್ದಿರುವಾಗ ಕತ್ತರಿ ಮೇಜಿನ ಮೇಲೆ ಎಲ್ಲ ಹರಡಿಕೊಂಡಳು. ಮೈಯಲ್ಲಿರೋ ಕರೆಂಟಿಗೂ ಇವು ಸಾಯುತ್ತವಂತೆ, ಹಾಗಾಗಿ ಅದನ್ನ ಇಳಿಸೋಕೆ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಮುಟ್ಟಿ ಬರೋದು. ಕೋಟಿನ ಹೆಗಲಿಗೆ ಇಸ್ತ್ರಿ ಹಾಕುವಾಗ ಇಡೋ ಗಟ್ಟಿ ದಿಂಬಿತ್ತಲ್ಲ, ಅದರ ಮೇಲೆ ಬಲ ಮಣಿಕಟ್ಟು ಊರಿದಳು. ಪ್ರೊಸೆಸರನ್ನ ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿದಳು. ಒಂದು ಪಿನ್ನು ಬಗ್ಗಿದರೆ ಮುಗೀತು ಅಂತ ಅವಳೇ ನೂರು ಸಲ ಹೇಳಿದ್ದಳು.

"ನಾನು ಕೈ ಹಿಡ್ಕೊಳ್ಳಲೇನೇ?"

"ನೀವು ಉಸಿರು ಹಿಡ್ಕೊಳ್ಳಿ, ಸಾಕು."

ಬೆರಳು ಅದುರಿತು. ಅವಳು ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ಮುಚ್ಚಿ, ಬಿಟ್ಟು, ಮತ್ತೆ ಮಣಿಕಟ್ಟು ಊರಿದಳು. ಎರಡನೇ ಸಲವೂ ಅದುರಿತು. ಮೂರನೇ ಸಲ ತನ್ನಷ್ಟಕ್ಕೇ ಏನೋ ಬೈದುಕೊಂಡು, ಮೆಲ್ಲಗೆ ಮದರ್‌ಬೋರ್ಡಿನ ಗೂಡಿಗೆ ಇಳಿಸಿ ಬಿಟ್ಟಳು. ಒತ್ತಲಿಲ್ಲ, ಅದೇ ಕೂತುಕೊಂಡಿತು. ಆಮೇಲಿನದೆಲ್ಲ ಸರಸರ ಆಯ್ತು. ರ‍್ಯಾಮ್ ಟಕ್ ಟಕ್ ಅಂತ ಕೂತವು, ತಂತಿಗಳನ್ನ ಅಂಚು ಮಡಿಚಿದ ಹಾಗೆ ಮಡಿಚಿ ದಾರದಲ್ಲಿ ಕಟ್ಟಿದಳು, ಕೂಲರ್ ಏರಿಸಿ ತಿರುಪು ಬಿಗಿದಳು. ಟಿವಿಗೆ ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮೇಲೆ ಅಕ್ಷರ ಮೂಡಿತು. ಅಯ್ಯೋ, ಅವಳ ಮುಖ ನೀವು ನೋಡಬೇಕಿತ್ತು!

ಆಮೇಲೆ ಪಕ್ಕದ ಮುಚ್ಚಳ ತಂದು ಹಾಕಿದಳು. ಮುಚ್ಚಲಿಲ್ಲ. ತಿರುಗಿಸಿ ಹಾಕಿದಳು, ಮುಚ್ಚಲಿಲ್ಲ. ಕೂಲರಿನ ತಲೆ ಅರ್ಧ ಬೆರಳಷ್ಟು ಹೊರಗೆ ನಿಂತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿದ್ದರೆ!

"ಅಂಗಡಿಯವನು ಬಡ್ಕೊಂಡ ತಾನೇ? ಅಳತೇನೇ ತಪ್ಪಿದೀಯ. ಸಾಕು ಬಿಡೇ. ಕೈಯಂತೂ ಹೋಗಿತ್ತು, ಈಗ ಕಣ್ಣೂ ಹೋಯ್ತು."

ಅವಳು ಟೇಪು ತೆಗೆದು ಕೂಲರ್ ಇನ್ನೊಮ್ಮೆ ಅಳೆದಳು. ನೂರ ಐವತ್ತಮೂರೇ. ಪೆಟ್ಟಿಗೆಯ ಒಳಗೆ ಮದರ್‌ಬೋರ್ಡಿನಿಂದ ಅಂಚಿನವರೆಗೆ ಅಳೆದಳು. "ನೂರ ನಲವತ್ತೆಂಟು. ಇವರು ನೂರ ಐವತ್ತೈದು ಅಂತ ಬರೆದಿದ್ದಾರೆ. ಇದೂ ಸುಳ್ಳು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ.

"ಸುಮ್ನಿರಿ ಸ್ವಲ್ಪ." ಪುಸ್ತಕದಲ್ಲಿ ನಾಲ್ಕು ಅಂಕಿ ಬರೆದು ನೋಡುತ್ತಾ ಕೂತಳು. "ಕೂಲರ್ ಮಾಡಿದೋರು ಬೇರೆ, ಪೆಟ್ಟಿಗೆ ಮಾಡಿದೋರು ಬೇರೆ. ಇಬ್ಬರದೂ ನನ್ನ ಅಳತೆಗಿಂತ ಏಳೇಳು ಜಾಸ್ತಿ. ಇಬ್ಬರೂ ಮಾತಾಡ್ಕೊಂಡು ಒಂದೇ ಸುಳ್ಳು ಹೇಳ್ತಾರಾ ರೀ?"

ಎದ್ದು ಹೋಗಿ, ನೇರ ಗೆರೆ ಎಳೆಯೋಕೆ ಇಟ್ಟಿದ್ದ ಕಬ್ಬಿಣದ ಸ್ಕೇಲು ತಂದಳು. ಮೇಜಿನ ಮೇಲೆ ಅದರ ಪಕ್ಕಕ್ಕೆ ಟೇಪು ಹಾಸಿದಳು. ಕಬ್ಬಿಣದ್ದು ಮೂವತ್ತು ಸೆಂಟಿಮೀಟರ್ ಅಂದ ಕಡೆ ಟೇಪು ಇನ್ನೂ ಇಪ್ಪತ್ತೆಂಟೂ ಮುಕ್ಕಾಲು ಅನ್ನುತ್ತಿತ್ತು.

ಬಟ್ಟೆಯ ಟೇಪು. ವರ್ಷಗಟ್ಟಲೆ ಎಳೆದು ಎಳೆದು ಹಿಗ್ಗಿಹೋಗಿತ್ತು. ಮೈಯನ್ನೂ ಅದರಲ್ಲೇ ಅಳೆದು ಬಟ್ಟೆಯನ್ನೂ ಅದರಲ್ಲೇ ಅಳೆದಾಗ ಯಾವ ತೊಂದರೆಯೂ ಇರಲಿಲ್ಲ, ಎರಡೂ ಒಂದೇ ಲೆಕ್ಕ. ಇನ್ನೊಬ್ಬರು ಬರೆದುಕೊಟ್ಟ ಅಳತೆಗೆ ಈ ಟೇಪು ಹಿಡಿದು ಕತ್ತರಿಸಿದರೆ ಬಟ್ಟೆ ದೊಡ್ಡದಾಗಲೇಬೇಕು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು ಅಂತ ಕಾಣುತ್ತೆ. ಅವಳೇ ಬಾಯಿ ಬಿಟ್ಟಳು.

"ಕೋಟು," ಅಂದಳು. "ರೀ, ಆ ನಲವತ್ತು ಕೋಟು. ಪಟ್ಟಿ ನೋಡ್ಕೊಂಡು ಕತ್ತರಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ನನ್ನ ಕೈಯಲ್ಲ ರೀ! ನನ್ನ ಕೈಯಲ್ಲ!"

ಅತ್ತಳು. ಬೋರ್ಡು ಇಳಿಸಿದ ದಿನವೂ ಅವಳು ಅತ್ತಿರಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು, ಕಟ್ಟಿಕೊಂಡವನು ನಾನು ಒಂದು ವರ್ಷ ಕುಣಿಯೋಳನ್ನೇ ಬೈದಿದ್ದೆ. ನೀರು ತಂದುಕೊಟ್ಟೆ.

ಅವಳು ನೀರು ಕುಡಿದು, ಸೆರಗಲ್ಲಿ ಮುಖ ಒರೆಸಿಕೊಂಡು ಕೇಳಿದಳು. "ಒಂದು ಮಾತು ನಿಜ ಹೇಳಿ. ಆ ಕೋಟು ಹೊಲಿಯುವಾಗ ನನ್ನ ಕೈ ನಡುಗಿದ್ದು ನೀವು ನೋಡಿದ್ರಾ?"

ನಡುಗುತ್ತಿತ್ತಲ್ಲ ಅನ್ನೋಕೆ ಹೋದೆ. ನೆನಪು ಮಾಡಿಕೊಂಡೆ. ದಾರ ಪೋಣಿಸುವಾಗ ಬೆರಳು ಅದುರಿದ್ದು ನಾನು ಕಂಡದ್ದು ಆ ಕೋಟು ಬಿಚ್ಚಿ ಹೊಲಿಯುವಾಗ. ನಾನು ಶಾಲೆಗೆ ಹೋಗಿ ಬಂದು, ಹೇಳಿದ್ದನ್ನ ಅವಳ ಮುಂದೆ ಜಂಬದಿಂದ ಒಪ್ಪಿಸಿದ ಮೇಲೆ. ಅದಕ್ಕೆ ಮುಂಚೆ ಒಂದು ದಿನವೂ ನೆನಪಾಗಲಿಲ್ಲ.

"ಇಲ್ಲ," ಅಂದೆ. "ನೋಡಿರಲಿಲ್ಲ ಕಣೇ."

"ನನಗೆ ಗೊತ್ತಿತ್ತು. ಆದ್ರೆ ನೀವು ಹೇಳಿದ್ರಲ್ಲ, ಇರಬಹುದೇನೋ ಅಂದ್ಕೊಂಡೆ. ಅಲ್ಲಿಂದ ಸೂಜಿ ಹಿಡಿದಾಗಲೆಲ್ಲ ಬೆರಳನ್ನೇ ನೋಡೋಕೆ ಶುರು ಮಾಡಿದೆ. ನೋಡಿದಷ್ಟೂ ನಡುಗ್ತಿತ್ತು."

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಬೈಯಲೇ ಇಲ್ಲ.

ಸೋಮವಾರ ಮತ್ತೆ ಅದೇ ಇಕ್ಕಟ್ಟು ಮೆಟ್ಟಿಲು. "ನಿಮ್ಮ ಅಚ್ಚು ಸರಿ, ನನ್ನ ಟೇಪು ತಪ್ಪು" ಅಂತ ಅಂಗಡಿಯಾತನಿಗೆ ನೇರ ಹೇಳಿದಳು. ಅವನು ನಗದೆ ಕೂಲರ್ ಬದಲಾಯಿಸಿಕೊಟ್ಟ. ಡಬ್ಬದ ಮೇಲೆ ಬರೆದಿದ್ದನ್ನ ಎರಡು ಸಲ ಓದಿಸಿಕೊಂಡು ತಂದಳು. ಬದಲಿಸಿ ಹಾಕುವಾಗ ದಿಂಬು ಇಟ್ಟುಕೊಳ್ಳಲಿಲ್ಲ. ಮುಚ್ಚಳ ಸಲೀಸಾಗಿ ಸರಿದು ಕೂತಿತು. ಸಾಯಂಕಾಲ ಮುಂದಿನ ಕೋಣೆಯಲ್ಲಿ ಹಾಡು ಶುರುವಾಯ್ತು, ಅವಳು ಕೇಳದೆ ಹತ್ತಾರು ವರ್ಷ ಆಗಿದ್ದ ಹಾಡು. ಗುಂಯ್ ಇಲ್ಲ, ಜಾಹೀರಾತಿಲ್ಲ. ಎರಡು ಹಾಡು ಮುಗಿಯೋವರೆಗೆ ಕಣ್ಣು ಮುಚ್ಚಿ ಕೂತಿದ್ದು, ಆಮೇಲೆ ಸದ್ದು ತಗ್ಗಿಸಿದಳು.

"ಮಿಷನ್ ಕೊಡಲ್ಲ ಅಂತ ನಾಳೆ ಆ ಚೀಲದವನಿಗೆ ಹೇಳಿ ಬನ್ನಿ. ಬೋರ್ಡು ನಾನೇ ಏರಿಸ್ತೀನಿ. ಆಮೇಲೆ ಶಾಲೆಗೆ ಹೋಗಿ."

"ಶಾಲೆಗೆ ಬೇಕಾದ್ರೆ ಇಬ್ಬರೂ ಹೋಗೋಣ. ಟೇಪು ತೋರಿಸಿ ನೀನೇ ಹೇಳು."

"ಕೈ ಕೆಟ್ಟಿದೆ ಅಂತ ನಾನು ಹೇಳಿದ್ನಾ? ಹೇಳಿದ ಬಾಯೇ ಹೋಗಿ ಹೇಳ್ಲಿ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಅವಳು ಅದನ್ನ ಒಪ್ಪೋ ಪೈಕಿ ಅಲ್ಲ. ಹರಿದದ್ದನ್ನ ಹರಿದವನೇ ಹೊಲಿಯಬೇಕು ಅಂತ ಅವಳ ನ್ಯಾಯ.

ಹೋದೆ. ಮುಖ್ಯೋಪಾಧ್ಯಾಯಿನಿ ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ. ಟೇಪಿನ ಕಥೆ ಪೂರ್ತಿ ಹೇಳಿದೆ. ಅವರು ಕೇಳಿ ನಕ್ಕು, "ಓಹೋ, ಅಳತೆಯದ್ದಾ ತಪ್ಪು! ಸರಿ, ಆದರೆ ಪಾಪ, ಅವರ ಕೈ ನಡುಗೋದು ಇನ್ನೂ ಹಾಗೇ ಇದೆಯಾ?" ಅಂದರು.

ಇಲ್ಲ ಮೇಡಂ, ಈಗ ವಾಸಿಯಾಗಿದೆ ಅಂದು ಬಂದುಬಿಟ್ಟಿದ್ದರೆ ಆಗುತ್ತಿತ್ತು. ಹಾಗಂದು ಬಾಗಿಲವರೆಗೂ ಬಂದೆ. ವಾಪಸ್ ಹೋದೆ.

"ಅವಳ ಕೈಗೆ ಏನೂ ಆಗಿರಲಿಲ್ಲ ಮೇಡಂ," ಅಂದೆ. "ನಡುಕ ಶುರುವಾಗಿದ್ದು ನಾನು ಇಲ್ಲಿಗೆ ಬಂದು ನಿಮಗೆ ಹಾಗೆ ಹೇಳಿದ ಮೇಲೆ."

ಅವರಿಗೆ ಅರ್ಥ ಆಗಲಿಲ್ಲವೋ ಏನೋ, ಇನ್ನೊಂದು ಸಲ ಹೇಳಿ ಅಂದರು. ಇನ್ನೊಂದು ಸಲ ಹೇಳಿದೆ.